ನಾಲ್ಕನೆಯ ತಲೆಯ ಕೂಸು

ಪ್ರಿಯರೇ, ಒಬ್ಬ ಶ್ರೀಮಂತರ ವಿಷಯ ಹೇಳುತ್ತೇನೆ ಕೇಳಿ. ಹೊಲಮನೆಯ ಶ್ರೀಮಂತರಲ್ಲ, ಬೈಬಲಿನ ವಚನಗಳ ಶ್ರೀಮಂತರು. ಮಲಪ್ರಭೆಯ ದಂಡೆಯ ಒಂದು ಸಣ್ಣ ಊರಿನ ಕ್ರೈಸ್ತ ಸಭೆಯಲ್ಲಿ ಅವರು ಹಿರಿಯರು. ಶಾಲೆಯಿಂದ ನಿವೃತ್ತರಾದ ಮೇಷ್ಟ್ರು. ಹೆಸರಿಲ್ಲದೆ ನಿಮಗೆ ಕಥೆ ರುಚಿಸುವುದಿಲ್ಲ, ಆದ್ದರಿಂದ ಎಲೀಷಪ್ಪ ಮಾಸ್ತರರು ಎಂದು ಕರೆಯೋಣ. ಆದಿಕಾಂಡದಿಂದ ಪ್ರಕಟನೆಯವರೆಗೆ ಯಾವ ಅಧ್ಯಾಯ ಕೇಳಿದರೂ ಅವರ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿರುತ್ತಿತ್ತು. ಸಭಾಪಾಲಕರು ಪೀಠದಲ್ಲಿ ನಿಂತು ಪ್ರಸಂಗ ಮಾಡುತ್ತ ಒಂದು ವಚನ ತಪ್ಪಿ ಹೇಳಿದರೆ ಮುಂದಿನ ಸಾಲಿನಿಂದ ಒಂದು ಕೆಮ್ಮು ಕೇಳುತ್ತಿತ್ತು. ಆ ಕೆಮ್ಮಿಗೆ ಮೂವರು ಸಭಾಪಾಲಕರು ವರ್ಗಾವಣೆ ಕೇಳಿಕೊಂಡು ಹೋದರು ಎಂದು ಊರಲ್ಲಿ ನಗೆಯಾಡುತ್ತಿದ್ದರು.

ಅವರ ಹತ್ತಿರ ಒಂದು ದಪ್ಪ ನೋಟ್‌ಬುಕ್ ಇತ್ತು. ದೇವರ ಗ್ರಂಥದಲ್ಲಿ ಒಂದು ಕಡೆ ಹೀಗಿದೆ, ಇನ್ನೊಂದು ಕಡೆ ಹಾಗಿದೆ ಎಂದು ಜನ ಕೆಣಕುತ್ತಾರಲ್ಲ, ಆ ತೊಡಕುಗಳನ್ನೆಲ್ಲ ಅದರಲ್ಲಿ ಬರೆದಿಟ್ಟಿದ್ದರು. ಬರಿದಾದ ಸಮಾಧಿಯ ಬಳಿ ಇದ್ದ ದೂತ ಒಬ್ಬನೋ ಇಬ್ಬರೋ? ಗುರುವಿಗೆ ದ್ರೋಹ ಮಾಡಿದ ಶಿಷ್ಯ ನೇಣು ಹಾಕಿಕೊಂಡು ಸತ್ತನೋ, ಬಿದ್ದು ಹೊಟ್ಟೆ ಒಡೆದು ಸತ್ತನೋ? ಹೀಗೆ ನೂರ ಹದಿನಾಲ್ಕು ತೊಡಕು, ನೂರ ಹದಿನಾಲ್ಕು ಉತ್ತರ. ಸಂತೆಯಲ್ಲಿ ಯಾರಾದರೂ ವಾದಕ್ಕೆ ನಿಂತರೆ ಮಾಸ್ತರರಿಗೆ ಹಬ್ಬ. ಇಷ್ಟು ತಿಳಿದವರಿಗೆ ಏನು ಕಡಿಮೆ ಇತ್ತು? ಅದನ್ನೇ ಹೇಳಲು ಹೊರಟಿದ್ದೇನೆ.

ಆ ಸಭೆಯಲ್ಲಿಯೂ ನಮ್ಮಲ್ಲಿರುವ ಹಾಗೆಯೇ ಒಂದು ಪದ್ಧತಿ. ಹೊಸ ವರ್ಷದ ಬೆಳಗಿನ ಆರಾಧನೆ ಮುಗಿದ ಮೇಲೆ ಬಾಗಿಲ ಬಳಿ ಬುಟ್ಟಿ ಇಡುತ್ತಾರೆ. ಬುಟ್ಟಿಯಲ್ಲಿ ಸುರುಳಿ ಸುತ್ತಿದ ಚೀಟಿಗಳು, ಒಂದೊಂದರಲ್ಲಿ ಒಂದೊಂದು ವಾಗ್ದಾನದ ವಚನ. ಮನೆಗೊಂದು ಚೀಟಿ ಎತ್ತಿಕೊಂಡು ಹೋಗಿ, ಗೋಡೆಗೆ ಅಂಟಿಸಿ, ವರ್ಷವಿಡೀ ಅದು ದೇವರು ನಮ್ಮ ಮನೆಗೇ ಆಡಿದ ಮಾತು ಎಂದು ನಂಬುತ್ತಾರೆ. ನೀವೂ ಎತ್ತುತ್ತೀರಿ, ನಾನೂ ಎತ್ತುತ್ತೇನೆ. ಚೀಟಿ ಬರೆಯುವ ಕೆಲಸ ಮಾಸ್ತರರದು.

ಆ ವರ್ಷ ಅವರು ಹೊಸ ಸಭಾಪಾಲಕರಿಗೆ ಹೇಳಿದರು: “ಅಯ್ಯನವರ, ವರ್ಷಾ ವರ್ಷಾ ಬರೇ ಬೆಲ್ಲಾ ಹಂಚಿದ್ರ ಮಂದಿ ಹಲ್ಲು ಹುಳುಕಾಗ್ತಾವ. ದೇವರ ಮಾತಿನ್ಯಾಗ ಖಾರನೂ ಐತಿ. ಈ ಸಲ ಅದನ್ನೂ ಹಾಕ್ತೀನಿ.”

ಸಭಾಪಾಲಕರು ಹೊಸಬರು, ಮೊದಲೇ ಆ ಕೆಮ್ಮಿಗೆ ಹೆದರಿದವರು. ಸುಮ್ಮನೆ ತಲೆಯಾಡಿಸಿದರು. ಮಾಸ್ತರರು ಸಿಹಿಯ ನಡುವೆ ಹತ್ತು ಖಾರದ ಚೀಟಿ ಬೆರೆಸಿದರು. ಅದರಲ್ಲೊಂದು, ಸೀನಾಯಿ ಬೆಟ್ಟದಲ್ಲಿ ಕೇಳಿಬಂದ ಆ ಭಯಂಕರ ಮಾತು. ತಂದೆಯರ ಅಪರಾಧಕ್ಕೆ ಮಕ್ಕಳಿಂದ ಮೂರನೆಯ, ನಾಲ್ಕನೆಯ ತಲೆಯವರೆಗೂ ಲೆಕ್ಕ ಕೇಳುವ ದೇವರು ನಾನು ಎಂಬ ಮಾತು.

ಆ ಚೀಟಿ ಯಾರ ಕೈಗೆ ಬಂತು ಗೊತ್ತೇ? ತಬಿತಾ ಎಂಬ ಹೆಣ್ಣುಮಗಳ ಕೈಗೆ. ಏಳು ವಾರದ ಕೂಸನ್ನು ಎದೆಗವಚಿಕೊಂಡು, ಅದರ ದೀಕ್ಷಾಸ್ನಾನಕ್ಕೆ ದಿನ ಗೊತ್ತು ಮಾಡಬೇಕೆಂದು ಬಂದಿದ್ದಳು. ಕೂಸಿನ ಬಲಗಾಲು ಹುಟ್ಟುವಾಗಲೇ ಒಳಕ್ಕೆ ತಿರುಗಿತ್ತು. ಪ್ಲಾಸ್ಟರ್ ಹಾಕುತ್ತ ಹೋದರೆ ನೆಟ್ಟಗಾಗುತ್ತದೆ ಎಂದು ಡಾಕ್ಟರರು ಹೇಳಿದ್ದರು. ಸಭೆಯ ಹೆಂಗಸರು ಹೇಳಿದ್ದು ಬೇರೆ. ‘ಹರಗೋಲದವರ ಮನಿ ಕೂಸಲ್ಲೇನ, ಮತ್ತ ಹೆಂಗಿರ್ತೈತಿ’ ಎಂದಿದ್ದರು.

ಹರಗೋಲದವರು ಅಂದರೆ ಯಾರು? ಐವತ್ತು ವರ್ಷದ ಹಿಂದಿನ ಮಾತು. ತಬಿತಾಳ ಅಜ್ಜ ಹಬೇಲಪ್ಪ ನದಿಯಲ್ಲಿ ಹರಗೋಲು ಹಾಕುತ್ತಿದ್ದ. ಸುಗ್ಗಿಯ ಸ್ತೋತ್ರದ ಹಬ್ಬದ ದಿನ ಆಚೆ ದಂಡೆಯ ಆರಾಧನೆಗೆ ಜನರನ್ನು ದಾಟಿಸುವಾಗ ಅವನು ಕುಡಿದಿದ್ದ. ಆರು ಜನ ಕೂರುವಲ್ಲಿ ಹನ್ನೊಂದು ಜನರನ್ನು ಕೂರಿಸಿದ. ನಡುಹೊಳೆಯಲ್ಲಿ ಹರಗೋಲು ಮಗುಚಿತು. ಮೂವರು ಸತ್ತರು. ಆ ಮೂವರಲ್ಲಿ ಒಬ್ಬಳು ಮಾರ್ಥಾ ಎಂಬ ಆರು ವರ್ಷದ ಹುಡುಗಿ, ನಮ್ಮ ಎಲೀಷಪ್ಪ ಮಾಸ್ತರರ ಒಬ್ಬಳೇ ತಂಗಿ. ಹಬೇಲಪ್ಪ ಆಮೇಲೆ ಹೆಂಡ ಮುಟ್ಟಲಿಲ್ಲ, ಹರಗೋಲನ್ನೂ ಮುಟ್ಟಲಿಲ್ಲ, ಎರಡು ವರ್ಷಕ್ಕೆ ಸತ್ತುಹೋದ. ಹರಗೋಲದ ಹೆಸರು ಮಾತ್ರ ಸಾಯಲಿಲ್ಲ, ಅವನ ಮನೆಗೇ ಅಂಟಿಕೊಂಡಿತು.

ತಬಿತಾ ಬಾಗಿಲಲ್ಲೇ ಚೀಟಿ ಬಿಚ್ಚಿ ಓದಿದಳು. ಬೆರಳು ಮಡಚಿ ಎಣಿಸಿದಳು. “ಅಜ್ಜ, ಅವ್ವ, ನಾ, ಈ ಕೂಸು. ನಾಕು,” ಎಂದಳು. ಪಕ್ಕದಲ್ಲಿದ್ದವರು ಕತ್ತು ಚಾಚಿ ಚೀಟಿ ಓದಿದರು. ಅವಳು ದೀಕ್ಷಾಸ್ನಾನದ ಮಾತೆತ್ತದೆ, ಕೂಸಿನ ಮುಖದ ಮೇಲೆ ಸೆರಗೆಳೆದು ಹೊರಟುಹೋದಳು. ಮೂರು ಭಾನುವಾರ ಬರಲಿಲ್ಲ.

ನಾಲ್ಕನೆಯ ವಾರ ಸಭಾಪಾಲಕರು ಮಾಸ್ತರರ ಮನೆಗೆ ಬಂದರು. “ಮಾಸ್ತರ, ಆಕಿ ಇನ್ನ ಚರ್ಚಿಗೆ ಬರೂದಿಲ್ಲಂತ. ಕೂಸಿಗೆ ದೀಕ್ಷಾಸ್ನಾನನೂ ಬ್ಯಾಡಂತ. ಶಾಪ ಹಾಕಿದ ದೇವರ ಕೈಯಾಗ ನನ್ನ ಕೂಸನ್ನ ಯಾಕ ಕೊಡ್ಲಿ ಅಂತಾಳ.”

“ಅಷ್ಟನ? ನಂಬರ ನಲವತ್ತೊಂದು,” ಎಂದರು ಮಾಸ್ತರರು. ನೋಟ್‌ಬುಕ್ ಬಗಲಲ್ಲಿ ಇಟ್ಟುಕೊಂಡು ಅಂದೇ ಸಂಜೆ ಅವಳ ಮನೆಗೆ ಹೋದರು.

ತಬಿತಾಳ ಗಂಡ ಮಗ್ಗ ನಿಲ್ಲಿಸಿ ಎದ್ದು ಕುರ್ಚಿ ಹಾಕಿದ. ಅವಳು ಇನ್ನೂ ಪ್ಲಾಸ್ಟರ್ ಹಾಕಿರದ ಕೂಸಿನ ಕಾಲಿಗೆ ಎಣ್ಣೆ ಹಚ್ಚುತ್ತಿದ್ದಳು, ಏಳಲಿಲ್ಲ. ಮಾಸ್ತರರು ನೋಟ್‌ಬುಕ್ ತೆರೆದು, ಪ್ರವಾದಿ ಯೆಹೆಜ್ಕೇಲನ ಮಾತನ್ನು ಓದಿದರು. ತಂದೆಯ ಪಾಪವನ್ನು ಮಗ ಹೊರಬೇಕಾಗಿಲ್ಲ, ಪಾಪ ಮಾಡಿದವನೇ ಅದಕ್ಕೆ ಉತ್ತರ ಕೊಡಬೇಕು ಎಂಬ ಮಾತು ಅದು.

“ಇದೂ ದೇವರ ಮಾತನ?” ತಬಿತಾ ಕೇಳಿದಳು.

“ಹೌದವಾ.”

“ಚೀಟಿಯಾಗಿಂದೂ ದೇವರ ಮಾತನ?”

“ಹೌದು.”

“ಮತ್ತ ಇವೆರಡರಾಗ ಖರೆ ಯಾವುದ್ರಿ?”

ಮಾಸ್ತರರು ಇದಕ್ಕೇ ಕಾದಿದ್ದರು. ಒಂದು ಮಾತು ಪಾಪದ ಪರಿಣಾಮದ ವಿಷಯ, ಇನ್ನೊಂದು ಪಾಪದ ಹೊಣೆಯ ವಿಷಯ. ಕುಡುಕನ ಮನೆಯ ಮಕ್ಕಳು ಕಷ್ಟಪಡುತ್ತಾರೆ, ಆದರೆ ಅವರು ಅಪರಾಧಿಗಳಲ್ಲ. ಮೂರು ನಾಲ್ಕು ತಲೆಯ ಮಾತಿನ ಹಿಂದೆಯೇ ಸಾವಿರ ತಲೆಯವರೆಗೆ ದಯೆಯ ಮಾತೂ ಇದೆ. ಹೀಗೆ ಅರ್ಧ ಗಂಟೆ ಬಿಡಿಸಿ ಹೇಳಿದರು. ನೋಡಿ, ಅದು ತಪ್ಪು ಉತ್ತರವಲ್ಲ. ಅದೇ ಪ್ರಶ್ನೆಗೆ ನಾನೂ ಇದೇ ಪೀಠದಿಂದ ಅದೇ ಉತ್ತರ ಕೊಟ್ಟಿದ್ದೇನೆ.

ತಬಿತಾ ಪೂರ್ತಿ ಕೇಳಿದಳು. ಆಮೇಲೆ ಹೇಳಿದಳು: “ಚೊಲೊ ಹೇಳಿದ್ರಿ. ಈಗ ನಂದೊಂದು ಕೇಳ್ರಿ. ನಮ್ಮಜ್ಜನ್ನ ನಾ ನೋಡೇ ಇಲ್ಲ. ಸಾಲ್ಯಾಗ ನನ್ನ ಹರಗೋಲ ಅಂತ ಕರದವ್ರು ಯಾರು? ಈ ಸಭೆಯ ಹುಡುಗರು. ನಮ್ಮವ್ವ ಮಾಡಿದ ಚಾ ಕುಡೀದ ಹ್ವಾದವ್ರು ಯಾರು? ಈ ಸಭೆಯ ಹೆಂಗಸರು. ನನಗ ಇಲ್ಲಿ ಒಂದು ಸಂಬಂಧ ಕೂಡಲಿಲ್ಲ, ಪರಊರಿಂದ ಈ ಪುಣ್ಯಾತ್ಮ ಬಂದಾನ. ದೇವರು ನಮಗ ಏನ ಮಾಡ್ಯಾನ ನನಗ ಗೊತ್ತಿಲ್ರಿ. ನೀವು ಮಾಡಿದ್ದು ಗೊತ್ತೈತಿ. ಮೂರ ತಲಿ ನೀವ ನೆನಪ ಇಟ್ಟೀರಿ, ನಾಕನೇದಕ್ಕೂ ನೀವ ಚೀಟಿ ಬರದೀರಿ.”

ಮಾಸ್ತರರು ನೋಟ್‌ಬುಕ್ ಮುಚ್ಚಿದರು. ಅವಳು ಬಿಡಲಿಲ್ಲ. “ಖರೆ ಹೇಳ್ರಿ. ಆ ಚೀಟಿ ನಮ್ಮನ್ನ ನೆನಸಿ ಬರದ್ರೇನು?”

“ಇಲ್ಲವಾ,” ಎಂದರು ಮಾಸ್ತರರು. ಬಹಳ ಬೇಗ ಹೇಳಿದರು.

ಹಿಂದಿರುಗುವ ದಾರಿಯಲ್ಲಿ ಆ ‘ಇಲ್ಲ’ ಅವರನ್ನು ಸುಡತೊಡಗಿತು. ಏಕೆಂದರೆ ಆ ವಚನ ಬರೆಯುವಾಗ ಅವರ ಕಣ್ಣ ಮುಂದೆ ಹೊಳೆ ಇತ್ತು, ಮಗುಚಿದ ಹರಗೋಲು ಇತ್ತು, ತಂಗಿಯ ಜಡೆ ಇತ್ತು. ನೂರ ಹದಿನಾಲ್ಕು ತೊಡಕು ಬಿಡಿಸಿದ ಮನುಷ್ಯ ತನ್ನೊಳಗಿನ ಒಂದು ತೊಡಕನ್ನು ಐವತ್ತು ವರ್ಷದಿಂದ ಮುಟ್ಟಿಯೇ ಇರಲಿಲ್ಲ. ಅವರಿಗೆ ನಾಚಿಕೆಯಾಯಿತು. ಹೇಗಾದರೂ ಸರಿಪಡಿಸಬೇಕು ಎನ್ನಿಸಿತು.

ಅಲ್ಲಿ ಒಂದು ಕ್ರಮವಿತ್ತು. ಕೂಸಿನ ದೀಕ್ಷಾಸ್ನಾನಕ್ಕೆ ಸಭೆಯ ಇಬ್ಬರು ಸಾಕ್ಷಿಗಳು ಬೇಕು. ಅವರು ಕೂಸನ್ನು ತೋಳಲ್ಲಿ ಹಿಡಿದು, ‘ಈ ಕೂಸು ನಮ್ಮದು’ ಎಂದು ಎಲ್ಲರೆದುರು ಹೇಳಬೇಕು. ಇಬ್ಬರು ಸಾಕ್ಷಿಗಳನ್ನು ತಾವು ಹುಡುಕಿಕೊಟ್ಟರೆ ತಬಿತಾ ಬಂದಾಳು ಎಂದುಕೊಂಡರು ಮಾಸ್ತರರು. ತಾವೇ ನಿಲ್ಲುವ ಯೋಚನೆ ಬಂತೇ? ಬರಲಿಲ್ಲ. ಒಳ್ಳೆಯ ಕೆಲಸವನ್ನು ಬೇರೆಯವರಿಂದ ಮಾಡಿಸುವುದರಲ್ಲಿ ನಾವೆಲ್ಲ ಜಾಣರು, ಅವರೂ ಹಾಗೆಯೇ. ಐದು ಮನೆಗೆ ಹೋದರು. ಐದು ಮನೆಯಲ್ಲೂ ಅವರ ಹಳೆಯ ಶಿಷ್ಯರೇ. “ಮಾಸ್ತರ, ಮೂರನೇ ನಾಕನೇ ತಲಿ ಅಂತ ನೀವ ಕಲಿಸಿದ್ರಲ್ಲ? ಅದರಾಗ ನಾವು ಯಾಕ ಕೈ ಹಾಕೂದು?” ಎಂದರು ಅವರು. ಕಲಿಸಿದ ವಚನ ಐದು ಬಾಯಿಂದ ತಿರುಗಿ ಬಂತು.

ಸೋತು ಮನೆಗೆ ಬಂದು ಪಡಸಾಲೆಯಲ್ಲಿ ಕುಳಿತರು. ತಾಯಿ ರೆಬೆಕ್ಕವ್ವ ಅಲ್ಲೇ ಜೋಳ ಹಸನು ಮಾಡುತ್ತಿದ್ದಳು. ಎಂಬತ್ತನಾಲ್ಕು ವರ್ಷ, ಅಕ್ಷರ ಬಾರದವಳು. ಮಗ ಎಲ್ಲವನ್ನೂ ಹೇಳಿಕೊಂಡ. ಅವಳು ಮೊರ ಕೆಳಗಿಟ್ಟಳು.

“ಮಗಳನ್ನ ಕಳಕೊಂಡಾಕಿ ನಾ,” ಎಂದಳು. “ಸಿಟ್ಟು ಹಿಡಕೊಂಡು ಕುಂತಾಂವ ನೀ. ಐವತ್ತ ವರ್ಷದಾಗ ಒಮ್ಮೆರ ನನ್ನ ಕೇಳಿದ್ಯೇನು, ಅವ್ವಾ, ನಿನ್ನ ಹೊಟ್ಟ್ಯಾಗ ಏನೈತಿ ಅಂತ?”

ಅವಳು ಕಾಲು ಚಾಚಿ ಗೋಡೆಗೆ ಒರಗಿ ಮುಂದೆ ಹೇಳಿದಳು.

“ಮಾರ್ಥಾನ್ನ ಮಣ್ಣ ಮಾಡಿ ತಿಂಗಳಾಗಿತ್ತು. ಒಂದು ಮಧ್ಯಾಹ್ನ ಹಬೇಲಪ್ಪ ಬಂದು ನಮ್ಮ ಬಾಗಲದಾಗ ನಿಂತ. ಮಾತಿಲ್ಲ, ಕತಿಯಿಲ್ಲ. ಅಂವನ ತುಟಿ ಒಣಗಿ ಸೀಳಿದ್ವು. ನನಗ ಬೆಂಕಿ ಬಿದ್ದಂಗ ಆತು. ಕ್ಷಮಾ ಮಾಡಿದ್ನಿ ಅಂತ ಸುಳ್ಳ ಹೇಳೂದಿಲ್ಲ. ಆದರ ಒಂದು ತಂಬಿಗಿ ನೀರು ತಂದ ಕೊಟ್ಟೆ. ಕುಡದ. ಹ್ವಾದ. ನಿಮ್ಮಪ್ಪಗ ಹೇಳಿಲ್ಲ, ನಿನಗೂ ಹೇಳಿಲ್ಲ. ಆವತ್ತಿಂದ ಬೆಂಕಿ ಸಣ್ಣಗ ಆಗಕೋಂತ ಬಂತು. ನಾಳೆ ನನ್ನ ಆಕಿ ಮನಿಗೆ ಕರಕೊಂಡು ನಡಿ. ಕೂಸನ್ನ ನಾ ಹಿಡೀತೀನಿ.”

ಪ್ರಿಯರೇ, ಯಾವ ವಾದಕ್ಕೂ ಬಗ್ಗದ ತಬಿತಾ, ಬಾಗಿಲಲ್ಲಿ ನಿಂತ ಆ ಮುದುಕಿಯನ್ನು ಕಂಡು ಒಳಗೆ ಕರೆದು ಕೂರಿಸಿ ಕೂಸನ್ನು ಅವಳ ತೊಡೆಗೆ ಹಾಕಿದಳು. ಎಂಟು ದಿನ ಕಳೆದು, ತುಂಬಿದ ಸಭೆಯೆದುರು ಹಬೇಲಪ್ಪನ ಮೊಮ್ಮಗಳ ಮಗು ಮಾರ್ಥಾಳ ತಾಯಿಯ ತೋಳಲ್ಲಿತ್ತು. ಎರಡನೆಯ ಸಾಕ್ಷಿಯಾಗಿ ಮಾಸ್ತರರು ನಿಂತಿದ್ದರು, ಪ್ಲಾಸ್ಟರ್ ಹಾಕಿದ ಆ ಪುಟ್ಟ ಕಾಲನ್ನು ಅಂಗೈಯಲ್ಲಿ ಹಿಡಿದುಕೊಂಡು. ಸಭಾಪಾಲಕರು ಕೇಳಬೇಕಾದ್ದನ್ನು ಕೇಳಿದರು.

ಮಾಸ್ತರರು ಉತ್ತರ ಕೊಡುವ ಮೊದಲು ತಬಿತಾಳ ಕಡೆ ತಿರುಗಿದರು. “ತಂಗೀ, ಅವತ್ತ ನಿನಗ ಸುಳ್ಳ ಹೇಳಿದೆ. ಆ ಚೀಟಿ ಬರಿಯೂ ಮುಂದ ನಿಮ್ಮ ಮನೀನ ನನ್ನ ಕಣ್ಣಾಗ ಇತ್ತು. ದೇವರ ಮಾತು ಅಂತ ಹೇಳಿ ನನ್ನ ಸಿಟ್ಟು ಬರದೆ. ತಪ್ಪಾತು,” ಎಂದರು. ಆಮೇಲೆ ಸಭೆಯ ಕಡೆ ತಿರುಗಿ, “ಈ ಕೂಸು ನಮ್ಮದು,” ಎಂದರು. ವಚನಗಳ ಶ್ರೀಮಂತರು ಅಂದು ಕೈ ಬರಿದು ಮಾಡಿಕೊಂಡು ಅಳುತ್ತ ನಿಂತಿದ್ದರು.

ಈಗ ನಿಮ್ಮ ಕಡೆ ಬರುತ್ತೇನೆ. ‘ಅಯ್ಯನವರೇ, ಕಥೆಯೇನೋ ಸರಿ, ಆ ಎರಡು ವಚನ ಒಂದಾಗುವುದು ಹೇಗೆ?’ ಎಂದು ನೀವು ಕೇಳಬಹುದು. ಕೇಳಬೇಕು. ಪೂರ್ತಿ ಉತ್ತರ ನನ್ನ ಬಳಿ ಇಲ್ಲ. ಮೂವತ್ತು ವರ್ಷ ಓದಿದರೂ ಕೆಲವು ಪುಟಗಳಲ್ಲಿ ನಾನು ಇಂದಿಗೂ ಎಡವುತ್ತೇನೆ. ಅದನ್ನು ಮುಚ್ಚಿಡುವುದಿಲ್ಲ. ಆದರೆ ಒಂದು ಮಾತು ನನಗೆ ಗೊತ್ತಿದೆ. ಬೆಟ್ಟದ ಮೇಲಿನ ಆ ಎಚ್ಚರಿಕೆ ಯಾರ ಕಿವಿಗೆ? ಹೆಂಡದ ಬಟ್ಟಲು ಎತ್ತುವ ತಂದೆಯ ಕಿವಿಗೆ, ಎತ್ತುವ ಮೊದಲು. ಬಟ್ಟೆಯಲ್ಲಿ ಸುತ್ತಿದ ಕೂಸಿನ ಕಿವಿಗಲ್ಲ. ಹುಟ್ಟುಕುರುಡನನ್ನು ಕಂಡು ಶಿಷ್ಯರು, ‘ಪಾಪ ಮಾಡಿದ್ದು ಯಾರು, ಇವನೋ ಇವನ ತಂದೆತಾಯಿಯೋ?’ ಎಂದು ಕೇಳಿದಾಗ ನಮ್ಮ ಕರ್ತನು ಏನೆಂದನು? ಇವನೂ ಅಲ್ಲ, ಅವರೂ ಅಲ್ಲ ಎಂದನು. ಅಷ್ಟು ಹೇಳಿ ಸುಮ್ಮನಾದನೇ? ಇಲ್ಲ. ಬಗ್ಗಿ ಮಣ್ಣು ಕಲಸಿದನು, ಆ ಕಣ್ಣುಗಳನ್ನು ಮುಟ್ಟಿದನು. ನಾವು ಮುಟ್ಟುವುದಿಲ್ಲ, ದೂರ ನಿಂತು ಪ್ರಶ್ನೆ ಕೇಳುತ್ತೇವೆ.

ನೀವು ಯಾವ ಮನೆಯವರನ್ನು ಹಳೆಯ ಹೆಸರಿನಿಂದ ಕರೆಯುತ್ತೀರಿ? ಓಡಿಹೋದವಳ ಮಗ, ಜೈಲಿಗೆ ಹೋದವನ ಮಗಳು, ಅಂಥವರ ಮನೆ, ಇಂಥವರ ಪೈಕಿ. ಇವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ಆ ಹೆಸರನ್ನು ನಿಮ್ಮ ಮಕ್ಕಳ ಮುಂದೆ ಆಡಬೇಡಿ. ಈಗಾಗಲೇ ಆಡಿದ್ದರೆ, ನಾನು ತಪ್ಪು ಕಲಿಸಿದೆ ಎಂದು ಮಕ್ಕಳಿಗೆ ಹೇಳಿ. ಸಂಬಂಧ ನೋಡುವಾಗ ಹುಡುಗಿಯ ಅಜ್ಜನನ್ನು ಬಗೆದು ನೋಡಬೇಡಿ. ಕಷ್ಟದಲ್ಲಿರುವವರಿಗೆ ವಚನ ಹೇಳುವ ಮೊದಲು ನಿಮ್ಮ ಎದೆಯನ್ನು ಕೇಳಿ: ಇದು ದೇವರ ಮಾತೋ, ನನ್ನ ಸಿಟ್ಟೋ? ಗೊತ್ತಾಗದಿದ್ದರೆ ಬಾಯಿ ಮುಚ್ಚಿಕೊಂಡು ಒಂದು ತಂಬಿಗೆ ನೀರು ಕೊಡಿ.

ಈಗ ಪ್ರಾರ್ಥನೆಗೆಂದು ಕಣ್ಣು ಮುಚ್ಚುತ್ತಿದ್ದೀರಿ. ಮುಚ್ಚಬೇಡಿ. ತೆರೆದುಕೊಂಡು ಸುತ್ತ ನೋಡಿ. ನಮ್ಮ ಈ ಸಭೆಯಲ್ಲಿ ಯಾರ ಪಕ್ಕದ ಜಾಗ ವಾರ ವಾರವೂ ಖಾಲಿ ಉಳಿಯುತ್ತದೆ ಎಂದು ನಿಮಗೂ ಗೊತ್ತು, ನನಗೂ ಗೊತ್ತು. ಎದ್ದು ಹೋಗಿ ಅಲ್ಲಿ ಕೂತುಕೊಳ್ಳಿ. ಪ್ರಾರ್ಥನೆಯನ್ನು ಆಮೇಲೆ ಶುರು ಮಾಡುತ್ತೇನೆ. ಅಲ್ಲಿಯವರೆಗೆ ಕಾಯುತ್ತೇನೆ.