ಬಾಗೇವಾಡಿ ಲಗ್ನದಲ್ಲಿ ದನಿ ಸತ್ತ ಗುರ್ರು ಡಬ್ಬಿ

ನಾನು ಮೋದಿನಸಾಬ ತಂದೆ ಹುಸೇನಸಾಬ ನದಾಫ, ವಯಸ್ಸು ಐವತ್ತೆರಡು, ಉದ್ಯೋಗ ಲಗ್ನಗಳಿಗೆ ಬ್ಯಾಂಡು ಮತ್ತು ಆರ್ಕೆಸ್ಟ್ರಾ ನುಡಿಸುವ ಪಾರ್ಟಿ ನಡೆಸುವುದು, ಸಾಕಿನ್ ಸಿಂದಗಿ, ಈ ದಿನ ಸಂಜೆ ಆರು ಗಂಟೆಗೆ ಬಸವನ ಬಾಗೇವಾಡಿ ಠಾಣೆಯಲ್ಲಿ ಹವಾಲ್ದಾರ ಪರಪ್ಪನವರ ಎದುರು ಕುಳಿತು ಈ ಮೂಲಕ ತಿಳಿಸುವುದೇನೆಂದರೆ, ಮಧ್ಯಾಹ್ನ ಎರಡು ಗಂಟೆಗೆ ನಾನು ನಮ್ಮ ಪಾರ್ಟಿಯಲ್ಲಿ ಗಿಟಾರ ಬಾರಿಸುವ ಮೈಬೂಬ ತಂದೆ ಮಶಾಕಸಾಬ ಎಂಬವನನ್ನು ರಟ್ಟೆ ಹಿಡಿದು ಇದೇ ಠಾಣೆಗೆ ತಂದಿದ್ದೆ. ಇವನು ಮುದ್ದೇಬಿಹಾಳದ ಪಾರ್ಟಿಯವರ ಮಾತು ಕೇಳಿ ಬೇಕಂತಲೇ ನನ್ನ ಕಾರ್ಯಕ್ರಮ ಕೆಡಿಸಿದ್ದಾನೆ, ಒಳಗೆ ಹಾಕಿರಿ ಎಂದು ಬಾಯಿಮಾತಿನ ಫಿರ್ಯಾದಿ ಕೊಟ್ಟಿದ್ದೆ. ಮೊದಲಿನಿಂದ ಆದದ್ದನ್ನು ಆದ ಹಾಗೆ ಬರೆಸಬೇಕೆಂದು ಫೌಜದಾರ ಸಾಹೇಬರು ಹೇಳಿದ್ದರಿಂದ ಬರೆಸುತ್ತಿದ್ದೇನೆ.

ಸದರಿ ಮೈಬೂಬನು ಇಂಡಿ ಊರಿನವನು, ವಯಸ್ಸು ಇಪ್ಪತ್ತನಾಲ್ಕು. ಇವನ ತಂದೆ ಮಶಾಕಸಾಬ ನನ್ನ ಪಾರ್ಟಿಯಲ್ಲಿ ಕ್ಲಾರಿನೆಟ್ ಊದುತ್ತಿದ್ದ. ಅವನು ತೀರಿಕೊಂಡ ಮೇಲೆ ತಾಯಿ ಮಾಬುಬಿಯು ಹುಡುಗನನ್ನು ಕರೆದುಕೊಂಡು ಸಿಂದಗಿಗೆ ಬಂದು, ‘ಇವನ್ನ ನಿಮ್ಮ ಉಡ್ಯಾಗ ಹಾಕೇನ್ರಿ ಭಾಯಿ’ ಎಂದು ಬಿಟ್ಟು ಹೋದಳು. ನಾನು ಕ್ಲಾರಿನೆಟ್ ಕಲಿಸಲು ನೋಡಿದೆ. ಅವನಿಗೆ ಅದು ಹತ್ತಲಿಲ್ಲ. ಗಿಟಾರ ಹಿಡಿದ. ಅದು ಮಾತ್ರ ಅವನಿಗೆ ನೀರು ಕುಡಿದ ಹಾಗೆ ಬಂತು.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ನಾನು ಮತ್ತು ಮೈಬೂಬ ಸೊಲ್ಲಾಪುರಕ್ಕೆ ಹೋಗಿದ್ದೆವು. ಅಲ್ಲಿ ಹಳೆಯ ವಾದ್ಯ ಮಾರುವ ಒಂದು ಅಂಗಡಿಯಲ್ಲಿ ಕಾಲಿನಿಂದ ಒತ್ತುವ ಎರಡು ಡಬ್ಬಿಗಳಿದ್ದವು. ಗಿಟಾರಕ್ಕೂ ಸ್ಪೀಕರ ಮಶೀನಿಗೂ ನಡುವೆ ವೈರಿನಿಂದ ಜೋಡಿಸಿ ಒತ್ತಿದರೆ ಗಿಟಾರದ ದನಿ ಒಡೆದು ಗುರ್ರ್ ಎಂದು ದಪ್ಪಗಾಗುತ್ತದೆ. ನಮ್ಮ ಪಾರ್ಟಿಯವರು ಇದಕ್ಕೆ ಗುರ್ರು ಡಬ್ಬಿ ಎನ್ನುತ್ತಾರೆ. ಒಂದು ಡಬ್ಬಿ ಹೊಸದು, ಕಿತ್ತಳೆ ಬಣ್ಣ, ಬೀದಿಯಾಚೆಗೂ ಕೇಳುವಷ್ಟು ಜೋರು. ಇನ್ನೊಂದು ಬಣ್ಣ ಹೋದ ಹಳೆಯ ಕಬ್ಬಿಣದ್ದು. ಹೊಸದನ್ನು ತೆಗೆದುಕೊ ಎಂದು ನಾನು ಹೇಳಿದೆ. ಮೈಬೂಬ ಎರಡನ್ನೂ ಬಾರಿಸಿ ನೋಡಿದ. ಡಬ್ಬಿಯ ಗುಂಡಿಯನ್ನು ಪೂರ್ತಿ ತಿರುವಿಟ್ಟು, ಗಿಟಾರದ ಮೇಲಿನ ಗುಂಡಿಯನ್ನು ಮಾತ್ರ ಸಾವಕಾಶ ಇಳಿಸಿದ. ಹೊಸ ಡಬ್ಬಿ ಇಳಿಸಿದರೂ ತಗಡು ಬಡಿದ ಹಾಗೆ ಒದರಿತು. ಹಳೆಯದು ಗುರ್ರೆನ್ನುವುದನ್ನು ಬಿಟ್ಟು ತಿಳಿಯಾಯಿತು, ಏರಿಸಿದರೆ ಮತ್ತೆ ಗುರ್ರೆಂದಿತು. ‘ಚಾಚಾ, ಇದು ಕೈಯ ಮಾತ ಕೇಳತೈತ್ರಿ’ ಎಂದು ಹಳೆಯದನ್ನೇ ಹಿಡಿದ. ಅದಕ್ಕೆ ಬದಲು ತಂದೆಯ ಕ್ಲಾರಿನೆಟ್ ಅನ್ನು ಚೀಲದಿಂದ ತೆಗೆದು ಅಂಗಡಿಯವನ ಕೈಗೆ ಕೊಟ್ಟ. ಅದನ್ನು ತಂದಿದ್ದಾನೆಂದೇ ನನಗೆ ಗೊತ್ತಿರಲಿಲ್ಲ. ತಂದೆಯ ವಾದ್ಯ ಕೊಟ್ಟವನು ನಾಳೆ ನನ್ನನ್ನು ಕೊಡಲಿಕ್ಕಿಲ್ಲವೆಂದು ಏನು ಗ್ಯಾರಂಟಿ ಎಂದು ಬಸ್ಸಿನಲ್ಲಿ ಬರುವಾಗಲೇ ಅಂದುಕೊಂಡೆ.

ನಾನು ಮೂಲತಃ ಸಂಶಯದ ಮನುಷ್ಯ, ಇದನ್ನು ಬರೆದುಕೊಳ್ಳಲು ಅಡ್ಡಿಯಿಲ್ಲ. ಮೂವತ್ತು ವರ್ಷ ಲಗ್ನದ ಮನೆಗಳಲ್ಲಿ ಬ್ಯಾಂಡು ನುಡಿಸಿದವನು ಹಾಗಾಗದೆ ಇರುವುದು ಕಷ್ಟ. ಹೆಂಡತಿ ಶಮಶಾದಬಿಯು ‘ನಿಮಗ ನಿಮ್ಮ ನೆರಳ ಮ್ಯಾಲೂ ಸಂಶೇ’ ಎಂದು ದಿನಾ ಅನ್ನುತ್ತಾಳೆ. ಆದರೆ ಮೈಬೂಬನ ನಡತೆಯೇ ಹಾಗಿತ್ತು. ಡಬ್ಬಿಯೊಳಗೆ ಹಾಕಲೆಂದು ನಾನು ಹೊಸ ಸೆಲ್ ಕೊಡಿಸಿದರೆ ಅದನ್ನು ಪಾನಿನ ಅಂಗಡಿಯ ರೇಡಿಯೋಕ್ಕೆ ಹಾಕಿಸಿ, ಆ ರೇಡಿಯೋದ ಅರ್ಧ ಸತ್ತ ಸೆಲ್ ತಂದು ಡಬ್ಬಿಗೆ ಹಾಕುತ್ತಿದ್ದ. ಕೇಳಿದರೆ, ‘ಹೊಸಾ ಸೆಲ್ ಒದರತೈತ್ರಿ ಚಾಚಾ, ದಣಿದ ಸೆಲ್ ಹಾಡತೈತಿ’ ಎಂದ. ಇಂಥ ಮಾತನ್ನು ನಾನು ಎಲ್ಲಿಯೂ ಕೇಳಿರಲಿಲ್ಲ. ಇನ್ನು ಡಬ್ಬಿಯನ್ನು ಯಾವಾಗಲೂ ಒದ್ದೆ ಬಟ್ಟೆಯಲ್ಲಿ ಸುತ್ತಿ ಕುಡಿಯುವ ನೀರಿನ ಹರವಿಯ ಬಾಜೂಕೆ ಇಡುತ್ತಿದ್ದ. ಮುಟ್ಟಲು ಹೋದರೆ, ‘ಮುಟ್ಟಬ್ಯಾಡ್ರಿ, ಅದಕ್ಕ ಬಿಸಲು ತಡ್ಯಂಗಿಲ್ಲ’ ಎನ್ನುತ್ತಿದ್ದ. ಕಬ್ಬಿಣದ ಡಬ್ಬಿಗೆ ಬಿಸಿಲು ತಡೆಯುವುದಿಲ್ಲ ಎಂದರೆ ಯಾರು ನಂಬುತ್ತಾರೆ, ಅದೇನು ವೀಳ್ಯದೆಲೆಯೇ? ಒಳಗೆ ಏನೋ ಮುಚ್ಚಿಟ್ಟಿದ್ದಾನೆ ಎಂದೇ ತಿಳಿದೆ.

ಏಪ್ರಿಲ್ 20ರಂದು ಹೊರ್ತಿಯಲ್ಲಿ ಮಧ್ಯಾಹ್ನದ ಲಗ್ನವಿತ್ತು. ಮೈಬೂಬ ಊಟಕ್ಕೆ ಕುಳಿತಾಗ ನಾನು ಡಬ್ಬಿ ಬಿಚ್ಚಿ ನೋಡಿದೆ. ಒಳಗೆ ಅದೇ ಸೋತ ಸೆಲ್ ಇತ್ತು. ಕಾರ್ಯಕ್ರಮದ ನಡುವೆ ಸೆಲ್ ಸತ್ತರೆ ಮಾನ ಹೋಗುವುದು ನನ್ನದು. ನಮ್ಮ ಕಡೆ ಎಲ್ಲ ಮನೆಗಳಲ್ಲೂ ರೇಡಿಯೋದ, ಬ್ಯಾಟರಿಯ ಸೆಲ್ ಸೋತರೆ ಮಾಳಿಗೆಯ ಮೇಲೆ ಬಿಸಿಲಿಗೆ ಹಾಕುವ ರೂಢಿಯಿದೆ, ಅದರಿಂದ ಸೆಲ್ಲಿಗೆ ಜೀವ ಬರುತ್ತದೆ. ಅದರಂತೆ ನಾನು ಡಬ್ಬಿಯನ್ನು ಒದ್ದೆ ಬಟ್ಟೆ ಬಿಚ್ಚಿ, ಸೆಲ್ ಸಮೇತ ಮಾಳಿಗೆಯ ಮೇಲೆ ಒಂದು ತಾಸು ಇಟ್ಟು, ಮತ್ತೆ ಬಟ್ಟೆ ಸುತ್ತಿ ಹರವಿಯ ಬಾಜೂಕೆ ತಂದಿಟ್ಟೆ. ಆ ದಿನ ಡಬ್ಬಿ ಒತ್ತಿದಾಗ ದನಿ ತುಂಡು ತುಂಡಾಗಿ ಬಂದು, ಬಾಯಿಗೆ ಬಟ್ಟೆ ತುರುಕಿದ ಹಾಗೆ ಉಡುಗಿತು. ನಾನು ಬಿಸಿಲಿಗೆ ಇಟ್ಟೂ ಹೀಗಾಯಿತೆಂದರೆ ಇವನದೇ ಕೈಚಳಕವೆಂದು ನನ್ನ ಸಂಶಯ ಗಟ್ಟಿಯಾಯಿತು.

ಆಮೇಲೆ ಇಂಡಿಯಲ್ಲಿ ಸಂಜೆಯ ಆರತಕ್ಷತೆಯಿತ್ತು. ಬಿಸಿಲು ಇಳಿದಿದ್ದರಿಂದ ನಾನು ಡಬ್ಬಿಗೆ ಕೈಹಚ್ಚಲಿಲ್ಲ. ಅಲ್ಲಿ ಡಬ್ಬಿ ಚೆನ್ನಾಗಿ ನಡೆಯಿತು. ಸಾದಾ ಗಿಟಾರದ ತಂತಿ ಮೀಟಿದರೆ ದನಿ ಹುಟ್ಟಿದ ಕೂಡಲೇ ಸಾಯುತ್ತದೆ. ಡಬ್ಬಿ ಒತ್ತಿದ ಮೇಲೆ ಅದೇ ದನಿ ಸನಾದಿಯಂತೆ ಉದ್ದಕ್ಕೆ ನಿಂತಿತು. ಜನ ಎದ್ದು ನಿಂತು ಕೇಳಿದರು. ತನ್ನ ಊರಲ್ಲಿ ತಾಯಿಯ ಎದುರು ಸರಿಯಾಗಿ ಬಾರಿಸುತ್ತಾನೆ, ನನ್ನ ಹೆಸರಿನ ಕಾರ್ಯಕ್ರಮದಲ್ಲಿ ಕೆಡಿಸುತ್ತಾನೆ ಎಂದು ನನಗೆ ಮೈ ಉರಿಯಿತು.

ಏಪ್ರಿಲ್ 30ರಂದು ಗೊಳಸಂಗಿಯ ಲಗ್ನಕ್ಕೆ ಹೋಗುವಾಗ ನಿಡಗುಂದಿ ಬಸ್ ಸ್ಟ್ಯಾಂಡಿನಲ್ಲಿ ಇಳಿದಿದ್ದೆವು. ನಾನು ಸಾಮಾನು ಇಳಿಸಿಕೊಂಡು ನೋಡುತ್ತೇನೆ, ಮುದ್ದೇಬಿಹಾಳದಲ್ಲಿ ಆರ್ಕೆಸ್ಟ್ರಾ ಪಾರ್ಟಿ ನಡೆಸುವ ಬಸಂತರಾಯ ಎಂಬವರು ಮೈಬೂಬನ ಹೆಗಲ ಮೇಲೆ ಕೈ ಹಾಕಿ ಚಹಾ ಕುಡಿಸುತ್ತಿದ್ದಾರೆ. ನನ್ನನ್ನು ಕಂಡು ಮೈಬೂಬ ಅರ್ಧ ಕಪ್ಪು ಬಿಟ್ಟು ಎದ್ದು ಬಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ಆಗ ನೆನಪಾಯಿತು. ಏನು ಮಾತಾಡಿದಿರಿ ಎಂದು ನಾನು ಕೇಳಲಿಲ್ಲ. ಉಂಡ ಮನೆಯ ಜಂತಿ ಎಣಿಸುವವನನ್ನು ಕೇಳಿ ತಿಳಿಯುವುದೇನಿದೆ. ಗೊಳಸಂಗಿಯಲ್ಲಿಯೂ ಅವನು ಊಟಕ್ಕೆ ಹೋದಾಗ ಡಬ್ಬಿಯನ್ನು ಬಿಸಿಲಿಗೆ ಇಟ್ಟು ತಂದೆ. ಬಾರಿಸಲು ನಿಂತಾಗ ಅವನು ಕೈಯಿಟ್ಟು ನೋಡಿ, ‘ಡಬ್ಬಿ ಯಾಕ ಇಷ್ಟು ಸುಡಾಕತ್ತೈತ್ರಿ?’ ಎಂದು ಕೇಳಿದ. ಕಳ್ಳನ ಎದುರು ನನ್ನ ಗುಟ್ಟು ಬಿಡಬಾರದೆಂದು, ‘ಹವಾನ ಹಂಗೈತಿ’ ಎಂದೆ. ಅಂದೂ ದನಿ ಉಡುಗಿತು.

ಈ ದಿನ ಬಸವನ ಬಾಗೇವಾಡಿಯಲ್ಲಿ ಮಧ್ಯಾಹ್ನ ಹನ್ನೆರಡೂವರೆಗೆ ಅಕ್ಕಿಕಾಳು, ಅಂದರೆ ಅಕ್ಷತೆಯ ಮುಹೂರ್ತ ಇತ್ತು. ಅಕ್ಕಿಕಾಳು ಬೀಳುವ ಹೊತ್ತಿಗೆ ವಾದ್ಯ ಮೊಳಗಲೇಬೇಕು, ಆಗ ಬ್ಯಾಂಡು ಸುಮ್ಮನಾದರೆ ಮಂದಿ ಅಪಶಕುನ ಎನ್ನುತ್ತಾರೆ. ಮೈಬೂಬನು ಡಬ್ಬಿ ಒತ್ತಿ ಒಂದು ಉದ್ದನೆಯ ದನಿ ಎಳೆಯುವುದು, ಅದರ ಬೆನ್ನಿಗೆ ಡ್ರಮ್ಮು ಮತ್ತು ಉಳಿದವರು ಎತ್ತಿಕೊಳ್ಳುವುದು ಎಂದು ಮೊದಲೇ ಗೊತ್ತು ಮಾಡಿದ್ದೆವು. ಹನ್ನೊಂದು ಗಂಟೆಗೆ ಎಂದಿನಂತೆ ನಾನೇ ಅವನ ಕಣ್ಣು ತಪ್ಪಿಸಿ ಡಬ್ಬಿಯನ್ನು ಬಿಸಿಲಿಗಿಟ್ಟೆ, ಇವತ್ತು ಹೆಚ್ಚು ಹೊತ್ತು ಇಟ್ಟೆ. ಅಕ್ಕಿಕಾಳು ಬಿತ್ತು. ಮೈಬೂಬ ಒತ್ತಿದ. ಡಬ್ಬಿ ಎರಡು ಸಲ ಕೆಮ್ಮಿ ಸುಮ್ಮನಾಯಿತು. ದನಿ ಬರುತ್ತದೆ ಎಂದು ಕಾಯ್ದ ಡ್ರಮ್ಮಿನವನೂ ಸುಮ್ಮನೆ ನಿಂತ. ಮದುಮಗಳ ಅಜ್ಜಿ ಕಸ್ತೂರೆವ್ವ ಎಂಬವರು ಎದೆ ಬಡಿದುಕೊಂಡು, ‘ನಮ್ಮ ಕೂಸಿನ ಲಗ್ನಕ್ಕ ಇದೆಂಥಾ ಮೂಕ ಬ್ಯಾಂಡು ತಂದ್ರೋ’ ಎಂದು ಅತ್ತರು. ಮೂವತ್ತು ವರ್ಷದಲ್ಲಿ ನನ್ನ ಎದುರು ಯಾರೂ ಹಾಗೆ ಅತ್ತಿರಲಿಲ್ಲ. ನನ್ನ ಸಿಟ್ಟು ನೆತ್ತಿಗೇರಿ, ಮೈಬೂಬನನ್ನು ಎಲ್ಲರೆದುರು ಕಳ್ಳ ಎಂದು ಕರೆದು, ಸಾಮಾನು ಸಮೇತ ಠಾಣೆಗೆ ಎಳೆದು ತಂದೆ. ಅವನು ದಾರಿಯುದ್ದಕ್ಕೂ ಕೈ ಬಿಡಿಸಿಕೊಳ್ಳಲಿಲ್ಲ.

ಫೌಜದಾರ ಸಾಹೇಬರು ಬೇರೆ ಕೆಲಸದಲ್ಲಿ ಹೋಗಿದ್ದು ನಾಲ್ಕು ಗಂಟೆಗೆ ಬಂದರು. ಅಲ್ಲಿಯವರೆಗೆ ಡಬ್ಬಿ ಠಾಣೆಯ ಒಳಕೋಣೆಯಲ್ಲಿ ನೆಲದ ಮೇಲಿತ್ತು. ಬಾರಿಸಿ ತೋರಿಸು ಎಂದು ಸಾಹೇಬರು ಹೇಳಿದಾಗ ಮಶೀನಿಗೆ ಇಲ್ಲಿಯ ಕರೆಂಟು ಜೋಡಿಸಿ ಬಾರಿಸಿದ. ಡಬ್ಬಿ ಸ್ವಚ್ಛವಾಗಿ ನುಡಿಯಿತು. ನೋಡಿರಿ ಸಾಹೇಬರೆ, ನಿಮ್ಮ ಎದುರು ಹೇಗೆ ನುಡಿಸುತ್ತಾನೆ ಎಂದು ನಾನು ಅಂದೆ. ಲಗ್ನದ ಮನೆಯಲ್ಲಿ ಡಬ್ಬಿ ಎಲ್ಲಿತ್ತು ಎಂದು ಸಾಹೇಬರು ಕೇಳಿದರು. ಸೆಲ್ಲಿಗೆ ಜೀವ ಬರಲೆಂದು ನಾನೇ ಮಾಳಿಗೆಯ ಮೇಲೆ ಇಟ್ಟಿದ್ದೆ ಎಂದೆ. ಆಗ ಮೈಬೂಬ ನನ್ನ ಕಡೆ ತಿರುಗಿ, ‘ಬಿಸಲಾಗ ಇಟ್ಟಿದ್ರಿ? ಹೊರ್ತ್ಯಾಗೂ? ಗೊಳಸಂಗ್ಯಾಗೂ?’ ಎಂದು ಕೇಳಿದ. ಹೌದು ಎಂದೆ. ಅವನು ಗೋಡೆಗೆ ಆತು ಕುಳಿತುಬಿಟ್ಟ.

ಸಾಹೇಬರು ಡಬ್ಬಿಯನ್ನು ಹೊರಗಿನ ಕಟ್ಟೆಯ ಮೇಲೆ, ಕಾದ ಕಲ್ಲಿನ ಮೇಲೆ ಅರ್ಧ ತಾಸು ಇಡಿಸಿ ಮತ್ತೆ ಬಾರಿಸಲು ಹೇಳಿದರು. ದನಿ ಕೆಮ್ಮಿ ಉಡುಗಿತು. ನೀರಿನ ಹರವಿಯ ಬಾಜೂಕೆ ಒದ್ದೆ ಬಟ್ಟೆಯಲ್ಲಿ ಇಟ್ಟು ಆರಿದ ಮೇಲೆ ಮತ್ತೆ ನುಡಿಯಿತು. ಬೇರೆ ಸಾಕ್ಷಿ ಬೇಕಾಗಲಿಲ್ಲ. ಸೊಲ್ಲಾಪುರದ ಅಂಗಡಿಯವನು ಇದರ ಒಳಗಿನ ಸಾಮಾನು ಹಳೇ ಕಾಲದ್ದು, ಬಿಸಿಯಾದರೆ ಉಸಿರು ಹಿಡಿಯುತ್ತದೆ ಎಂದು ಹೇಳಿ ಕೊಟ್ಟಿದ್ದನಂತೆ, ಕ್ಲಾರಿನೆಟ್ ಹೋದ ಸಂಕಟದಲ್ಲಿ ನಾನು ಅದನ್ನು ಕೇಳಿಸಿಕೊಂಡಿರಲಿಲ್ಲ. ಮೈಬೂಬ ಅದನ್ನೇ ನನಗೆ ದಿನಾ ಹೇಳುತ್ತಿದ್ದ.

ಗೊತ್ತಿದ್ದೂ ಇಂಥದ್ದನ್ನು ಏಕೆ ಆರಿಸಿದೆ ಎಂದು ಸಾಹೇಬರು ಅವನನ್ನು ಕೇಳಿದರು. ಅವನು ಹೇಳಿದ್ದು ಹೀಗೆ: ‘ಅಬ್ಬಾನ ಕ್ಲಾರಿನೆಟ್ ನನ್ನ ಬಾಯಾಗ ಆಡಲಿಲ್ರಿ. ಅವನ ಉದ್ದನ ಉಸಿರು ಈ ಡಬ್ಬ್ಯಾಗ ಸಿಕ್ತು. ಹೊಸಾ ಡಬ್ಬ್ಯಾಗ ಸಿಗಲಿಲ್ಲ. ಅದಕ್ಕ ಕ್ಲಾರಿನೆಟ್ ಕೊಟ್ಟು ಇದನ್ನ ತಂದೆ.’ ಮಶಾಕಸಾಬನ ಪಕ್ಕದಲ್ಲಿ ಅಷ್ಟು ವರ್ಷ ನಿಂತವನು ನಾನು, ಇಂಡಿಯಲ್ಲಿ ಆ ದನಿ ಕೇಳಿಯೂ ನನಗೆ ಅದು ಹೊಳೆದಿರಲಿಲ್ಲ. ನನಗೆ ಬಹಳ ನಾಚಿಕೆಯಾಯಿತು.

ನಾನು ಫಿರ್ಯಾದಿ ವಾಪಸ್ ತೆಗೆದುಕೊಳ್ಳುತ್ತೇನೆಂದು ಸಾಹೇಬರಿಗೆ ಹೇಳಿ, ಮೈಬೂಬನಿಗೆ, ‘ನಡಿಯಪ್ಪಾ, ನಾಡಿದ್ದ ಸಿಂದಗ್ಯಾಗ ಲಗ್ನ ಐತಿ’ ಎಂದೆ. ಅವನು ಗಿಟಾರದ ವೈರು ಸುತ್ತುತ್ತ, ಬಸಂತರಾಯರು ತನ್ನನ್ನು ಮೂರು ಸಲ ಕರೆದರೆಂದೂ, ನಮ್ಮ ಚಾಚಾ ಇರುವತನಕ ಬರುವುದಿಲ್ಲವೆಂದು ನಿಡಗುಂದಿಯ ಚಹಾದ ಅಂಗಡಿಯಲ್ಲಿಯೂ ಹೇಳಿದ್ದನೆಂದೂ ತಿಳಿಸಿದ. ಆಮೇಲೆ, ‘ಊರ ಮಂದಿ ಮುಂದ ಕಳ್ಳ ಅಂದ್ರಿ. ಇನ್ನ ಯಾವ ಮಾರಿಲೆ ನಿಮ್ಮ ಬಾಜೂಕ ನಿಂದರ್ಲಿರಿ?’ ಎಂದ. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ನಾನು ಏನಾದರೂ ಅಂದು ತಡೆಯುತ್ತಿದ್ದೆ.

ಸದರಿಯವನು ಸಂಜೆ ಐದೂವರೆಯ ಮುದ್ದೇಬಿಹಾಳ ಬಸ್ಸು ಹತ್ತಿದ್ದಾನೆ. ನಾನು ಬಸ್ ಸ್ಟ್ಯಾಂಡಿನವರೆಗೆ ಸ್ಪೀಕರ ಮಶೀನು ಹೊತ್ತು ಹೋಗಿ, ಇದನ್ನೂ ಇಟ್ಟುಕೋ ಎಂದೆ. ಒಲ್ಲೆನೆಂದ. ಬಸ್ಸು ಬಿಡುವಾಗ ಕಿಟಕಿಯಿಂದ, ‘ಅಮ್ಮೀಗೆ ನೀವ ಹೇಳ್ರಿ’ ಎಂದಷ್ಟೇ ಹೇಳಿದ. ಏನೆಂದು ಹೇಳಲಿ ಎಂದು ಕೇಳುವಷ್ಟರಲ್ಲಿ ಬಸ್ಸು ಹೋಯಿತು. ನಾಳೆ ಮುಂಜಾನೆ ನಾನು ಇಂಡಿಗೆ ಮಾಬುಬಿಯ ಮನೆಗೆ ಹೋಗುವವನಿದ್ದೇನೆ.

ಸದರಿ ಮೈಬೂಬನು ಈ ದಿನ ಸಂಜೆ ಐದೂವರೆಯವರೆಗೆ ಬಸಂತರಾಯರ ಮನುಷ್ಯನಾಗಿರಲಿಲ್ಲ. ಅವನನ್ನು ಅವರ ಮನುಷ್ಯನನ್ನಾಗಿ ಮಾಡಿದವನು ನಾನು. ಡಬ್ಬಿಯ ಮೇಲೆ ನನ್ನ ಹಕ್ಕು ಏನೂ ಇಲ್ಲ. ಮೈಬೂಬ ಕಳ್ಳನಲ್ಲ ಎಂಬ ಮಾತನ್ನು ಮೊದಲ ಸಾಲಿನಲ್ಲೇ ಬರೆಯಿರಿ ಎಂದು ಹವಾಲ್ದಾರ ಪರಪ್ಪನವರನ್ನು ಕೇಳಿಕೊಂಡೆ. ಹೇಳಿಕೆ ನಡೆದ ಕ್ರಮದಲ್ಲಿಯೇ ಇರಬೇಕು, ಆಮೇಲಿನದನ್ನು ಮೊದಲು ಹಾಕಲು ಬರುವುದಿಲ್ಲ ಎಂದರು. ಆದ್ದರಿಂದ ಆ ಮಾತು ಇಲ್ಲಿ, ಅವನು ಹೋದ ಮೇಲೆ ಬಂದಿದೆ.

ಬರೆದದ್ದನ್ನು ಹವಾಲ್ದಾರರು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದ್ದಕ್ಕೂ ಇದಕ್ಕೂ ಫರಕು ಇಲ್ಲ, ಇದು ನಿಜವೆಂದು ಒಪ್ಪಿ ಸಹಿ ಮಾಡಿದ್ದೇನೆ.

ಸ್ಥಳ: ಬಸವನ ಬಾಗೇವಾಡಿ
ದಿನಾಂಕ: 11-5-1978
ಸಹಿ: ಮೋದಿನಸಾಬ ಹುಸೇನಸಾಬ ನದಾಫ
ನನ್ನ ಸಮಕ್ಷಮ: ಪರಪ್ಪ, ಹವಾಲ್ದಾರ