ಆರು ಮಹಡಿಯ ಬೋರ್ಡು ತೆಗೆದ ಬಗ್ಗೆ

ಹೆಸರು ಗುರುತಿನ ಚೀಟಿಯಲ್ಲಿ ಇದ್ದಂತೆ, ಜನ ಕರೆಯುವುದು ಬೋರ್ಡಣ್ಣ ಎಂದು, ವಯಸ್ಸು ಐವತ್ತೆರಡು, ಕಸುಬು ಬೋರ್ಡು ಬರೆಯುವುದು, ಓದು ಐದನೇ ಕ್ಲಾಸು, ಅದೂ ಪೂರ್ತಿ ಅಲ್ಲ, ವಾಸ ಬಸ್ ಡಿಪೋ ಹಿಂದಿನ ರಸ್ತೆ, ಹಾರ್ಡ್‌ವೇರ್ ಅಂಗಡಿಯ ಮಹಡಿ. ಠಾಣೆಯಿಂದ ಫೋನ್ ಬಂದ ಮೇರೆಗೆ ನಾನೇ ನಡೆದು ಬಂದು ಈ ಮೂಲಕ ತಿಳಿಸುವುದೇನೆಂದರೆ:

ನಾನು ಒಂದು ತಗಡಿನ ಬೋರ್ಡು ಕದ್ದಿದ್ದೇನೆ ಎಂದು ದೂರು ಬಂದಿದೆ. ತೆಗೆದುಕೊಂಡು ಹೋದದ್ದು ನಿಜ. ಬೋರ್ಡು ಬರೆದವನೂ ನಾನೇ, ನಿಲ್ಲಿಸಿದವನೂ ನಾನೇ.

ಮೂರು ಮಹಡಿಗಿಂತ ಎತ್ತರದ ಕಟ್ಟಡಕ್ಕೆ ಅರ್ಜಿ ಹಾಕಿದವರು ಆ ಜಾಗದಲ್ಲಿ ಮೂವತ್ತು ದಿನ ಬೋರ್ಡು ನಿಲ್ಲಿಸಬೇಕು ಎಂಬುದು ಯೋಜನಾ ಕಚೇರಿಯ ನಿಯಮ. ಎಷ್ಟು ಮಹಡಿ, ಸುತ್ತ ಎಷ್ಟು ಜಾಗ ಬಿಡುತ್ತಾರೆ, ಆಕ್ಷೇಪಣೆ ಎಲ್ಲಿ ಕೊಡಬೇಕು ಎಂದು ಅದರಲ್ಲಿ ಇರಬೇಕು. ಕಚೇರಿಯವರು ಬಂದು ನೋಡುವುದಿಲ್ಲ. ಇಡೀ ಊರಿಗೆ ಸ್ಥಳ ನೋಡುವ ಅಧಿಕಾರಿ ಒಬ್ಬರೇ, ಅವರ ಜೀಪು ವರ್ಷದಿಂದ ಗ್ಯಾರೇಜಿನಲ್ಲಿದೆ. ಆದ್ದರಿಂದ ಮೊದಲ ದಿನದ್ದೊಂದು, ಕೊನೆಯ ದಿನದ್ದೊಂದು ಫೋಟೋ ಕೊಟ್ಟರೆ ಸಾಕು.

ಬಿಲ್ಡರ್ ಕಡೆಯ ಸೂಪರ್‌ವೈಸರ್ ಬೋರ್ಡಿನ ಪಕ್ಕ ನಿಂತು ಎರಡೂ ಫೋಟೋವನ್ನು ಒಂದೇ ಮಧ್ಯಾಹ್ನ ತೆಗೆಸಿಕೊಂಡು ಮುಗಿಸುತ್ತಾರೆ. ತಾರೀಖನ್ನು ಮೊಬೈಲಿನಲ್ಲಿ ಬೇಕಾದ ಹಾಗೆ ಹಾಕಿಕೊಳ್ಳುತ್ತಾರೆ. ನಡುವೆ ಅವರು ಶರ್ಟು ಬದಲಾಯಿಸುತ್ತಾರೆ, ನಾನು ನನ್ನ ಸ್ಕೂಟರನ್ನು ಆ ಕಡೆಯಿಂದ ಈ ಕಡೆಗೆ ತಳ್ಳುತ್ತೇನೆ. ಅಲ್ಲಿಗೆ ತಿಂಗಳು ಕಳೆಯಿತು. ದಿನಾ ಹೀಗೇ ತಿಂಗಳು ಕಳೆದರೆ ಸಂಬಳದವರಿಗೆ ಹಬ್ಬ ಎಂದು ನಾನೇ ನಗಿಸುತ್ತಿದ್ದೆ. ಆಮೇಲೆ ಅದೇ ತಗಡನ್ನು ಒರೆಸಿ ಮುಂದಿನ ಜಾಗಕ್ಕೆ ಬರೆದುಕೊಡುತ್ತೇನೆ. ಇದು ವರ್ಷಗಳಿಂದ ನಡೆದು ಬಂದ ಕೆಲಸ.

ಹೋದ ಮಂಗಳವಾರ ಬೆಳಗ್ಗೆ ಸೂಪರ್‌ವೈಸರ್ ಒಂದು ಚೀಟಿ ತಂದರು. ಆರು ಮಹಡಿ, ಇಪ್ಪತ್ತನಾಲ್ಕು ಮನೆ, ಹಿಂಬದಿಗೆ ಬಿಡುವ ಜಾಗ ಐದು ಅಡಿ. ಜಾಗಕ್ಕೆ ನಂಬರು ಮಾತ್ರ ಇತ್ತು. ನಾನು ಅಕ್ಷರದ ದಪ್ಪ ನೋಡಿ ಬರೆಯುವವನು, ಅರ್ಥ ನೋಡಿ ಅಲ್ಲ. ಮಧ್ಯಾಹ್ನ ಮೂರಕ್ಕೆ ಹೋದಾಗಲೇ ಗೊತ್ತಾಯಿತು, ಅದು ಮುಚ್ಚಿದ ಪ್ರೆಸ್ಸಿನ ಖಾಲಿ ಜಾಗ ಎಂದು. ಅದರ ಹಿಂದಿನ ಗೋಡೆಗೆ ಅಂಟಿಕೊಂಡಂತೆ ನನ್ನ ಅಕ್ಕನ ಕೋಣೆ ಇದೆ.

ಅಕ್ಕನಿಗೆ ಅರವತ್ತೊಂದು. ಹರಿದ ಬಟ್ಟೆಗೆ ಎಳೆ ಎಳೆಯಾಗಿ ರಫೂ ಮಾಡುವುದು ಅವಳ ಕೆಲಸ. ಕೋಣೆಯ ಬಾಗಿಲು ಮೆಟ್ಟಿಲ ಕೆಳಗಿನ ಕತ್ತಲಿಗೆ ತೆರೆಯುತ್ತದೆ. ಬೆಳಕು ಬರುವುದು ಪ್ರೆಸ್ಸಿನ ಜಾಗದ ಕಡೆಗಿರುವ ಒಂದೇ ಕಿಟಕಿಯಿಂದ. ಟ್ಯೂಬ್‌ಲೈಟಿನಲ್ಲಿ ಕಪ್ಪು ದಾರವೂ ಕಡುನೀಲಿ ದಾರವೂ ಒಂದೇ ಥರ ಕಾಣುತ್ತವೆ. ಹಾಗಾಗಿ ಅವಳು ದಾರ ಆರಿಸುವುದು ಕಿಟಕಿಯಲ್ಲಿ, ಕೈ ಹೊರಗೆ ಚಾಚಿ.

ನಾನು ಕಂಬಕ್ಕೆ ಸ್ಕ್ರೂ ಹಾಕುತ್ತಿದ್ದಾಗ ಅವಳು ಅಲ್ಲಿಂದಲೇ ಏನು ಬರೆದಿದ್ದೀಯ ಎಂದು ಕೇಳಿದಳು. ಓದಿ ಹೇಳಿದೆ. ಅವಳು, "ಆರು ಮಹಡಿ ಅಂದ್ರೆ, ನಂಗೆ ಬಿಸಿಲು ಎಲ್ಲಿಂದ ಬರುತ್ತೋ?" ಎಂದಳು. ನಾನು ಉಳಿದ ಸ್ಕ್ರೂ ಹಾಕಿ ಮುಗಿಸಿದೆ.

ಸೂಪರ್‌ವೈಸರ್ ಬಿಳಿ ಶರ್ಟಿನಲ್ಲಿ ಒಂದು, ಚೌಕುಳಿ ಶರ್ಟಿನಲ್ಲಿ ಒಂದು ಫೋಟೋ ತೆಗೆಸಿಕೊಂಡು, ಇನ್ನು ಬೋರ್ಡು ಬಿಚ್ಚು ಎಂದರು. ಬಣ್ಣ ಒಣಗಿಲ್ಲ, ಬಿಚ್ಚಿದರೆ ಅಳಿಸುತ್ತದೆ, ಎರಡು ದಿನ ಇರಲಿ ಎಂದೆ. ಒರೆಸುವ ಬೋರ್ಡಿಗೆ ಇಷ್ಟು ಮಡಿ ಯಾಕೆ ಎಂದು ನಕ್ಕು ಹೋದರು.

ಗುರುವಾರ ಹತ್ತೂವರೆಗೆ ನಾನೂ ಅಕ್ಕನೂ ಯೋಜನಾ ಕಚೇರಿಗೆ ಹೋದೆವು. ಆಕ್ಷೇಪಣೆ ತೆಗೆದುಕೊಳ್ಳುವ ಗುಮಾಸ್ತರು ಫೈಲು ತೆಗೆದು, ಮೂವತ್ತು ದಿನ ಮುಗಿದಿದೆ, ಕೊನೆಯ ದಿನದ ಫೋಟೋ ಬಂದಾಗಿದೆ ಎಂದರು. ಬರೆದದ್ದು ಮೊನ್ನೆ ತಾನೇ, ಬಣ್ಣ ಇನ್ನೂ ಉಗುರಿನಲ್ಲಿದೆ ಎಂದು ಕೈ ತೋರಿಸಿದೆ. ಅದಕ್ಕೆ ಅವರು, "ನಿಮ್ ಕೈ ಫೈಲಲ್ಲಿ ಇಲ್ವಲ್ಲಣ್ಣ" ಎಂದರು. ಒಳ್ಳೆಯವರೇ. ಮೇಜಿನ ಮೇಲೆ ಫೈಲು ಎಷ್ಟಿತ್ತೆಂದರೆ ಅವರ ಮುಖ ನೋಡಲು ನಾವು ಪಕ್ಕಕ್ಕೆ ಬಾಗಬೇಕಿತ್ತು. ಅಕ್ಕನಿಗೆ ತಮ್ಮ ಕುರ್ಚಿ ಕೊಟ್ಟು, ನಾಳೆ ಹನ್ನೊಂದಕ್ಕೆ ಮಂಜೂರಾತಿ ಸಭೆ ಇದೆ, ಏನಾದರೂ ಸಾಕ್ಷಿ ಇದ್ದರೆ ಸಭೆ ನಡೆಸುವ ಮೇಡಂ ಮುಂದೆ ಇಡಿ ಎಂದರು.

ಸಾಕ್ಷಿ ಎಂದರೆ ನನಗೆ ಹೊಳೆದದ್ದು ಬೋರ್ಡು ಒಂದೇ. ಶುಕ್ರವಾರ ಬೆಳಗ್ಗೆ ಒಂಬತ್ತಕ್ಕೆ, ಎಲ್ಲರೂ ನೋಡುತ್ತಿರುವಾಗ, ಬಿಚ್ಚಿಕೊಂಡು ಸ್ಕೂಟರಿನಲ್ಲಿ ಅಡ್ಡ ಇಟ್ಟುಕೊಂಡು ಹೋದೆ. ದಾರಿಯಲ್ಲಿ ಇಬ್ಬರು ಫ್ಲಾಟಿನ ರೇಟು ಕೇಳಿದರು.

ಸಭೆಯಲ್ಲಿ ಮೇಡಂ ಒಂದೊಂದೇ ಫೈಲಿಗೆ ಸಹಿ ಹಾಕುತ್ತಾ ಹೋಗುತ್ತಿದ್ದರು. ನಮ್ಮದು ಬಂದಾಗ ಬೋರ್ಡು ಎತ್ತಿ ಹಿಡಿದು, ಬಣ್ಣ ಇನ್ನೂ ಕೈಗೆ ಅಂಟುತ್ತದೆ, ಮುಟ್ಟಿ ನೋಡಿ ಎಂದೆ. ಅವರು ಮುಟ್ಟಲಿಲ್ಲ, ಮೇಜಿಗೆ ತಾಗುತ್ತೆ, ಹಿಂದೆ ಹಿಡಿಯಿರಿ ಎಂದರು. ಅಕ್ಕ ಕಿಟಕಿಯ ವಿಷಯ ಹೇಳಿದಳು. ಕಾಲಾವಧಿ ಮುಗಿದಿದೆ, ತಮಗೂ ಬೇಸರವೇ ಎಂದು ಹೇಳಿ ಪೆನ್ನು ಎತ್ತಿದರು. ಅಲ್ಲಿಗೆ ಎಲ್ಲಾ ಮುಗಿಯುತ್ತಿತ್ತು.

ಆಗ ಹಿಂದೆ ಕುಳಿತಿದ್ದ ಸೂಪರ್‌ವೈಸರ್ ಎದ್ದು, "ಮೇಡಂ, ಈ ಮನುಷ್ಯ ನಮ್ ಬೋರ್ಡ್ ಕದ್ಕೊಂಡ್ ಬಂದಿದ್ದಾನೆ, ಬೆಳಗ್ಗೆನೇ ಸ್ಟೇಷನ್ನಲ್ಲಿ ಕಂಪ್ಲೇಂಟ್ ಕೊಟ್ಟಿದ್ದೀನಿ" ಎಂದು ಜೋರಾಗಿ ಹೇಳಿದರು. ಮೇಡಂ ಪೆನ್ನು ಕೆಳಗಿಟ್ಟು ದೂರಿನ ನಂಬರು ಕೇಳಿದರು. ಅವರು ಹೆಮ್ಮೆಯಿಂದಲೇ ಕೊಟ್ಟರು. ಮೇಡಂ ಅದನ್ನು ಫೈಲಿನ ಮೇಲೆ ಬರೆದು, ಬೋರ್ಡು ಪೊಲೀಸ್ ದೂರಿನಲ್ಲಿದೆ, ದೂರು ಇತ್ಯರ್ಥವಾಗುವ ತನಕ ಈ ಅರ್ಜಿ ಮುಂದೆ ಹೋಗುವಂತಿಲ್ಲ ಎಂದು ಪಕ್ಕಕ್ಕಿಟ್ಟರು. ಆ ಹೊತ್ತಿನಲ್ಲಿ ಸೂಪರ್‌ವೈಸರ್ ಮುಖ ನೋಡುವಂತಿತ್ತಂತೆ. ನಾನು ನೋಡಲಿಲ್ಲ. ಬೋರ್ಡು ಹಿಡಿದು ನನ್ನ ತೋಳು ಸೋತಿತ್ತು.

ಈ ದಿನ ಶನಿವಾರ ನಾನು ಠಾಣೆಗೆ ಬಂದಾಗ ಸೂಪರ್‌ವೈಸರೂ ಇಲ್ಲೇ ಇದ್ದರು. ನನ್ನ ಹೆಗಲ ಮೇಲೆ ಕೈ ಹಾಕಿ, ಏನೋ ತಪ್ಪು ತಿಳಿವಳಿಕೆ, ದೂರು ವಾಪಸ್ ತೆಗೆದುಕೊಳ್ಳುತ್ತೇನೆ, ನಾವು ನಾವೇ ಅಲ್ಲವೇ ಎಂದರು. ಅಕ್ಕನಿಗೆ ಫೋನ್ ಮಾಡಿ ಹೇಳಿದೆ. ಅವಳು ಯಾರದೋ ಕೋಟಿನ ಮೊಣಕೈ ಹಿಡಿದು ಕಿಟಕಿಯಲ್ಲಿ ಕುಳಿತಿದ್ದಳಂತೆ, ಬೆಳಕು ಇರುವಾಗ ಮುಗಿಸಬೇಕು, ಆಮೇಲೆ ಮಾತಾಡೋಣ ಎಂದು ಇಟ್ಟಳು.

ಆದ್ದರಿಂದ ನನ್ನ ಕೋರಿಕೆ ಏನೆಂದರೆ, ನನ್ನ ಮೇಲಿನ ಕಳ್ಳತನದ ದೂರನ್ನು ಯಾವ ಕಾರಣಕ್ಕೂ ವಾಪಸ್ ಕೊಡಬಾರದು. ವಿಚಾರಣೆಯನ್ನು ಅವಸರ ಮಾಡದೆ, ಬೇರೆ ಕೆಲಸ ಎಲ್ಲಾ ಮುಗಿಸಿಕೊಂಡು, ನಿಧಾನವಾಗಿ ನಡೆಸಬೇಕು. ಕರೆದಾಗಲೆಲ್ಲ ಬರುತ್ತೇನೆ. ಬರೆದುಕೊಳ್ಳುತ್ತಿರುವ ಕಾನ್‌ಸ್ಟೇಬಲ್ ಸಾಹೇಬರು, ಆರೋಪಿ ಹೀಗೆಲ್ಲ ಕೇಳುವ ಹಾಗಿಲ್ಲ ಎಂದರು. ಹಾಗಾದರೆ ಇದನ್ನು ಆಕ್ಷೇಪಣೆ ಎಂದು ಬರೆದುಕೊಳ್ಳಿ ಎಂದೆ. ಬರೆದುಕೊಂಡಿದ್ದಾರೆ.

ಇದನ್ನು ನನಗೆ ಓದಿ ಹೇಳಿದರು. ನಡುವೆ ನಾನು ಹೇಳಿದ ಎರಡು ತಮಾಷೆ ಬಿಟ್ಟುಹೋಗಿವೆ, ಮಿಕ್ಕಿದ್ದೆಲ್ಲ ನಡೆದ ಹಾಗೆಯೇ ಇದೆ, ಯಾರ ಒತ್ತಾಯವೂ ಇಲ್ಲ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: ಹದಿನೆಂಟು, ಶನಿವಾರ, ಮಧ್ಯಾಹ್ನ 12.40
ಹೇಳಿದವನ ಸಹಿ: (ಬೋರ್ಡಣ್ಣ)