ಡುಮ್ಮನ ತೂಕ

…ಇಲ್ಲ ಇಲ್ಲ, ನೀನು ಏಳಬೇಡ, ಬಾಗಿಲು ನಾನೇ ಹಾಕ್ತೀನಿ. ಹೊರಗೆ ಎಲ್ಲರಿಗೂ ಸುದ್ದಿ ಗೊತ್ತಾಗಿದೆ. ಒಬ್ಬೊಬ್ಬರೇ ಬಂದು ಅಯ್ಯೋ ಪಾಪ ಅಂದರೆ ನಿನಗೆ ಇನ್ನೂ ಅಳು ಬರುತ್ತೆ. ತಗೋ, ಕಾಫಿ. ಮನೆಯಿಂದಲೇ ಫ್ಲಾಸ್ಕಲ್ಲಿ ತಂದೆ. ಸಕ್ಕರೆ ಕಮ್ಮಿ, ನಿನಗೆ ಹೇಗೆ ಬೇಕೋ ಹಾಗೆ.

ಯಾಕೆ ನಗ್ತೀಯ? ಅಕ್ಕ ತಂಗಿಗೆ ಕಾಫಿ ತರಬಾರದಾ? ಅತಿ ವಿನಯ ಧೂರ್ತ ಲಕ್ಷಣ ಅಂತ ಅಮ್ಮ ಅಂತಿದ್ದಳಲ್ಲ, ಅದು ನೆನಪಾಯ್ತಾ? ನಗು, ನಗು. ನೀನು ನಕ್ಕರೆ ಸಾಕು ನನಗೆ.

ಹೋಗಲಿ ಬಿಡೇ. ಒಂದು ಗ್ರಹ ತಾನೇ, ಆಕಾಶದಲ್ಲಿ ಅದಕ್ಕೇನು ಬರವಾ?… ಗೊತ್ತು ಕಣೇ, ನಿನ್ನ ಡುಮ್ಮ. ಹಾಗಂತ ಹೆಸರಿಟ್ಟವಳೂ ನೀನೇ. ಅಕ್ಕಾ, ಆ ನಕ್ಷತ್ರದ ಬೆಳಕು ಮೂರು ದಿನಕ್ಕೊಮ್ಮೆ ಚೂರು ಮಂಕಾಗುತ್ತೆ, ಯಾವುದೋ ಭಾರಿ ಗ್ರಹ ಅಡ್ಡ ಹೋಗ್ತಿದೆ, ಒಲೆ ಪಕ್ಕ ಕೂತ ಬೆಕ್ಕಿನ ಹಾಗೆ ಅಷ್ಟು ಹತ್ತಿರ ಸುತ್ತುತ್ತಿದೆ ಅಂತ ಇದೇ ರೂಮಲ್ಲಿ ಕುಣಿದಿದ್ದೆ. ಮೂರು ದಿನಕ್ಕೊಂದು ವರ್ಷ! ಅಲ್ಲಿ ಹುಟ್ಟಿದ್ದರೆ ವಾರಕ್ಕೆ ಎರಡೆರಡು ಹುಟ್ಟುಹಬ್ಬ ಮಾಡ್ಕೊಂಡು ಎಂದೋ ಮುದುಕಿಯರಾಗಿರ್ತಿದ್ವಿ ಅಂತ ಎಷ್ಟು ನಕ್ಕಿದ್ವಿ.

ನಾನೇನು ಬೇಡ ಅಂದಿದ್ನಾ? ಬೆಳಕು ಮಂಕಾದರೆ ಗಾತ್ರ ಮಾತ್ರ ಗೊತ್ತಾಗುತ್ತೆ. ತೂಕ ಬೇಕು ಅಂದರೆ ಗ್ರಹದ ಎಳೆತಕ್ಕೆ ನಕ್ಷತ್ರ ಎಷ್ಟು ಅಲುಗಾಡುತ್ತೆ ಅಂತ ಬೆಟ್ಟದ ಮೇಲಿನ ದೊಡ್ಡ ಟೆಲಿಸ್ಕೋಪಲ್ಲಿ ಅಳೀಬೇಕು. ಅದು ನನ್ನ ಕೆಲಸ. ನಿನಗೋಸ್ಕರ ಮೂರು ರಾತ್ರಿ ಕೇಳಿ ಇಸ್ಕೊಂಡೆ. ಮೂರು ರಾತ್ರಿಯೂ ಮೋಡ, ಏನು ಮಾಡಲಿ? ಗ್ರಹವೇ ಅಲ್ಲವೇನೋ, ಯಾವುದೋ ಜೋಡಿ ನಕ್ಷತ್ರ ಒಂದಕ್ಕೊಂದು ಅಡ್ಡ ಬರ್ತಿರಬೇಕು, ಅದರ ಹಿಂದೆ ಬೀಳಬೇಡ ಅಂದೆ. ನಿನ್ನ ಒಳ್ಳೇದಕ್ಕೇ ಅಂದೆ. ನೀನು ಬಿಟ್ಟೆ. ಇವತ್ತು ಬೆಳಿಗ್ಗೆ ಇನ್ಯಾರೋ ಅದನ್ನ ನಮ್ಮದು ಅಂತ ಸಾರಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಇಲ್ಲ, ನೀನು ನನ್ನನ್ನ ಒಂದು ಮಾತೂ ಅಂದಿಲ್ಲ. ಅದಕ್ಕೇ ಹೇಳ್ತಿದೀನಿ.

ನೋಡು, ಅವರೇನು ಪೂರ್ತಿ ಗೆದ್ದಿಲ್ಲ. ಬೇರೆ ಬೇರೆ ಬಣ್ಣದ ಬೆಳಕಲ್ಲಿ ನೋಡಿ ಗ್ರಹವೇ ಅಂತ ಖಚಿತ ಮಾಡ್ಕೊಂಡಿದ್ದಾರೆ, ಅಷ್ಟೆ. ತೂಕ ಇನ್ನೂ ಯಾರೂ ಅಳೆದಿಲ್ಲ ಅಂತ ಅವರೇ ಒಪ್ಕೊಂಡಿದ್ದಾರೆ. ಅಷ್ಟಕ್ಕೂ ಅದೇನು ಮಹಾ ಗ್ರಹ? ಗಾತ್ರದಲ್ಲಿ ನಮ್ಮ ಗುರುಗ್ರಹಕ್ಕಿಂತ ದೊಡ್ಡದು, ತೂಕದಲ್ಲಿ ಅದರ ಅರ್ಧವೂ ಇಲ್ಲ. ಬಿಸಿಗೆ ಉಬ್ಬಿದ ಬಲೂನು. ಹೆಸರಿಗೆ ಡುಮ್ಮ, ಒಳಗೆ ಬರೀ ಗಾಳಿ…

ಏನು?

ಲೋಟ ಯಾಕೆ ಕೆಳಗಿಟ್ಟೆ? ಕುಡಿ, ಆರಿಹೋಗುತ್ತೆ.

ಅಂದಾಜಿಗೆ ಹೇಳಿದೆ ಕಣೇ. ಅಷ್ಟು ಹತ್ತಿರ ಸುತ್ತೋವು ಸಾಮಾನ್ಯವಾಗಿ ಹಗುರ… ಎಲ್ಲವೂ ಅಲ್ಲ. ಗೊತ್ತು, ಎಲ್ಲವೂ ಅಲ್ಲ, ಭಾರಿ ತೂಕದವೂ ಇವೆ. ನನಗೇ ಪಾಠ ಹೇಳಬೇಡ… ಇಲ್ಲ, ನೀನೆಲ್ಲಿ ಹೇಳ್ತಿದೀಯ, ಸುಮ್ಮನೆ ನೋಡ್ತಿದೀಯ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ. ನೀನು ಕಳ್ಳಿ ಅಂತಲೂ ಅನ್ನಲಿಲ್ಲ, ನಾನೇ…

ಮೊದಲನೇ ರಾತ್ರಿ ಮೋಡ ಇತ್ತು. ಅಮ್ಮನಾಣೆ, ಇತ್ತು.

ಆಮೇಲೆ ಬಿಟ್ಟಿತು. ಆಕಾಶ ತೊಳೆದಿಟ್ಟ ಹಾಗಿತ್ತು. ಡುಮ್ಮನ ತೂಕ ಸಿಕ್ಕಾಗ ನಿನಗೆ ಫೋನ್ ಮಾಡೋಣ ಅಂತ ಕೈಗೂ ತಗೊಂಡೆ. ಅವತ್ತು ಮಧ್ಯಾಹ್ನವೇ ಊಟಕ್ಕೆ ಕೂತಾಗ ನಮ್ಮ ಸಂಸ್ಥೆಯ ನಿರ್ದೇಶಕರು ಹೊಸಬರಿಗೆ ನನ್ನ ಪರಿಚಯ ಮಾಡಿಕೊಟ್ಟಿದ್ದರು. ಇವರು ಅವಳ ಅಕ್ಕ, ಅಂತ. ಅಷ್ಟೇ. ನಿನ್ನ ಕೈ ಹಿಡಿದು ಇಲ್ಲಿಗೆ ಕರ್ಕೊಂಡು ಬಂದವಳು ನಾನು. ಒಂದು ವಾರ ಕಾಯಲಿ, ಆಮೇಲೆ ಹೇಳಿದರಾಯ್ತು ಅಂದ್ಕೊಂಡೆ. ವಾರ ಕಳೆದ ಮೇಲೆ ಬಾಯಿ ಬರಲಿಲ್ಲ.

ಏಳಬೇಡ. ಬಾಗಿಲು ತೆಗೀಬೇಡ ಕಣೇ, ಹೊರಗೆ ಎಲ್ಲರೂ ಇದ್ದಾರೆ… ಆಯ್ತು, ತೆಗಿ. ಅವರ ಮುಂದೆಯೇ ಬಯ್ಯಿ. ಆದರೆ ಮೊದಲು ಒಂದ್ಸಲ ಅಕ್ಕಾ ಅಂತ ಕರಿ, ಆಮೇಲೆ ಬಯ್ಯಿ.